ಮಲ್ಲಿಯ ಬಾಲಕ್ಕೆ ಮೊಗ್ಗಿನ ಜಡೆ

ಕೆಲವರಿಗೆ ಕೈಯಲ್ಲಿ ಸೌಟು ಇದ್ದರೆ ಸಮಾಧಾನ, ಕೆಲವರಿಗೆ ಟಿವಿ ರಿಮೋಟು. ನನಗೆ ಬಾಚಣಿಗೆ. ಎದುರಿಗೆ ಯಾರದಾದರೂ ಕೆದರಿದ ತಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಜಡೆ ಸಡಿಲಾಗಿ ಬಿಚ್ಚಿಕೊಂಡಿದ್ದರೆ, ಹೊಸಪೇಟೆ ಬರುವತನಕ ನಾನು ಕಿಟಕಿಯ ಆಚೆ ನೋಡುತ್ತ ರಾಮನಾಮ ಹೇಳಿಕೊಂಡು ಕೂರಬೇಕಾಗುತ್ತದೆ. ಬಹಳ ವರ್ಷ ಇದನ್ನು ನನ್ನ ಒಂದು ಒಳ್ಳೆಯ ಗುಣ ಎಂದೇ ತಿಳಿದಿದ್ದೆ. ನನ್ನ ಬಾಚಣಿಗೆಗೆ ಸಿಕ್ಕವರೆಂದರೆ ನಮ್ಮ ಅತ್ತೆ, ನನ್ನ ಇಬ್ಬರು ಹೆಣ್ಣುಮಕ್ಕಳು, ದೋಣಿಮಲೈ ಕ್ವಾರ್ಟರ್ಸಿನ ಅರ್ಧಕ್ಕರ್ಧ ಹುಡುಗಿಯರು, ಕಡೆಗೆ ಒಂದು ಕುದುರೆ. ಮೊದಲಿನವರೆಲ್ಲರದೂ ತಲೆ. ಕುದುರೆಯದು ಮಾತ್ರ ಬಾಲ. ಆ ಬಾಲ ನನ್ನ ಕೈಯಿಂದಲೇ ಹೋಗುವುದರಲ್ಲಿತ್ತು. ಹೇಗೆ ಹೋಗುವುದರಲ್ಲಿತ್ತು, ಹೇಗೆ ಉಳಿಯಿತು ಎಂಬುದನ್ನು ಹೇಳಿಬಿಟ್ಟರೆ ಮನಸ್ಸು ಸ್ವಲ್ಪ ಹಗುರಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆಯವರು ದೋಣಿಮಲೈಯ ಗಣಿಯಲ್ಲಿ ಡಂಪರ್ ರಿಪೇರಿ ಮಾಡುತ್ತಿದ್ದವರು. ರಿಟೈರ್ ಆದ ಮೇಲೆ ಕಡ್ಡಿರಾಂಪುರದಲ್ಲಿದ್ದ ಅವರ ಅಪ್ಪನ ಜಾಗದಲ್ಲಿ ಮನೆ ಕಟ್ಟಿಸಿ ಬಂದು ನೆಲೆಸಿದೆವು. ಬಂದ ಮೊದಲ ತಿಂಗಳು ಅವರು ನನ್ನ ಮಿಕ್ಸಿ ಬಿಚ್ಚಿ ಜೋಡಿಸಿದರು. ಎರಡನೆಯ ತಿಂಗಳು ಮತ್ತೆ ಬಿಚ್ಚಿದರು. ಮೂರನೆಯ ತಿಂಗಳು ಕಂಪ್ಲಿಗೆ ಹೋಗಿ ಬರುತ್ತೇನೆಂದು ಹೋದವರು ಒಂದು ಬಿಳಿ ಹೆಣ್ಣು ಕುದುರೆಯ ಜೊತೆ ಬಂದರು. "ಮೂವತ್ತು ವರ್ಷ ಉಸುರಿಲ್ಲದ ಗಾಡಿ ಹೊಟ್ಟಿ ಕೆಳಗ ಮಲಗೀನಿ. ಈಗ ಉಸುರಾಡೋದು ಒಂದು ಬೇಕನಿಸ್ತು" ಎಂದರು. ಮಿಕ್ಸಿ ಉಳಿಯಿತಲ್ಲ ಎಂದು ನಾನು ಸುಮ್ಮನಾದೆ. ದಿನಾ ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಮೂರು ಸಣ್ಣ ಉಪಕಾರಗಳನ್ನು ಎಣಿಸಿ ಕೈ ಮುಗಿಯುವುದು ನನ್ನ ರೂಢಿ. ಆವತ್ತಿನ ಮೊದಲನೆಯದು ಮಿಕ್ಸಿಯೇ.

ಕುದುರೆಯ ಹೆಸರು ಮಲ್ಲಿ. ಕಂಪ್ಲಿಯ ಬುಡೇನ್‌ಸಾಬರದು. ಅವರು ಒಂದು ಕಾಲಕ್ಕೆ ಟಾಂಗಾ ಹೊಡೆಯುತ್ತಿದ್ದವರು. ಟಾಂಗಾ ನಿಂತ ಮೇಲೆ ಮದುವೆಯ ಮೆರವಣಿಗೆಗಳಿಗೆ ಕುದುರೆ ತರುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಅದೂ ಆಗದೆ, ಹಳೆಯ ಪರಿಚಯದ ನಮ್ಮವರಿಗೆ ಮಲ್ಲಿಯನ್ನು ಒಪ್ಪಿಸಿದರು. ಆದರೆ ಮಗಳನ್ನು ಕೊಟ್ಟ ಮನೆಗೆ ಬರುವ ಹಾಗೆ ಭಾನುವಾರ ಭಾನುವಾರ ಬಸ್ಸು ಹತ್ತಿ ಬಂದು, ಮಲ್ಲಿಯ ಕಿವಿ ಹಿಡಿದು ಮಾತಾಡಿಸಿ, ನನ್ನ ಕೈಯಿಂದ ಚಹಾ ಕುಡಿದು ಹೋಗುತ್ತಿದ್ದರು. ನಾನು ಅವರನ್ನು ಬುಡೇನಣ್ಣ ಎಂದೇ ಕರೆಯುವುದು.

ನಮ್ಮಲ್ಲಿ ಕೆಲಸ ಹಂಚಿಕೊಂಡದ್ದು ಬಹಳ ಸರಳವಾಗಿ. ಮುಂದಿನ ಅರ್ಧ ಅವರದು, ಹಿಂದಿನ ಅರ್ಧ ನನ್ನದು. ಮುಖ ಒರೆಸುವುದು, ಲಗಾಮು ಹಾಕುವುದು, ಬೆಲ್ಲ ತಿನ್ನಿಸುವುದು, ಮದುಮಗನ ಜೊತೆ ಫೋಟೋಕ್ಕೆ ನಿಲ್ಲುವುದು ಮುಂದಿನ ಅರ್ಧದ ಕೆಲಸಗಳು. ಹಿಂದಿನ ಅರ್ಧದಲ್ಲಿ ಏನೇನು ಕೆಲಸ ಇರುತ್ತದೆ ಎಂದು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ನಿನಗ ಕೂದಲದ ಕೆಲಸ ಬರ್ತೈತಲ್ಲ, ಬಾಲ ನೀ ನೋಡ್ಕೊ" ಎಂದು ನಮ್ಮವರು ಬಹಳ ಗೌರವದಿಂದ ಹೇಳಿದರು. ನಾನೂ ಮೋಸಹೋದೆ.

ಮೊದಲನೆಯ ದಿನವೇ ಪಾಠವಾಯಿತು. ಬೆಳಿಗ್ಗೆ ಪೂಜೆ ಮುಗಿಯುವತನಕ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಹಾಗಾಗಿ ಬಾಯಿ ಬಿಗಿಹಿಡಿದು, ನೀರು ತುಂಬಿದ ಬಕೆಟ್ ಹಿಡಿದುಕೊಂಡು, ಸದ್ದಿಲ್ಲದೆ ನೇರ ಮಲ್ಲಿಯ ಬಾಲದ ಹಿಂದೆ ಹೋಗಿ ನಿಂತೆ. ಏನಾಯಿತೆಂದು ತಿಳಿಯುವುದರೊಳಗೆ ನಾನು ಬದನೆ ಗಿಡದ ಪಾತಿಯಲ್ಲಿ ಕೂತಿದ್ದೆ. ಬಕೆಟ್ಟು ಕಾಂಪೌಂಡಿನ ಗೋಡೆ ತಲುಪಿತ್ತು. ನಮ್ಮವರು ಓಡಿಬಂದು ಮೊದಲು ಮಲ್ಲಿಯ ಕಾಲು ನೋಡಿದರು, ಆಮೇಲೆ ಬಕೆಟ್ ನೋಡಿದರು, ಆಮೇಲೆ "ನಿನಗೇನೂ ಆಗಿಲ್ಲಲ್ಲ?" ಎಂದು ಕೇಳಿದರು. ಒದೆ ಬಿದ್ದದ್ದು ಬಕೆಟ್ಟಿಗೆ, ನನಗಲ್ಲ. ನೆಗ್ಗಿದ ಆ ಬಕೆಟ್ಟು ಈಗಲೂ ಬಚ್ಚಲಲ್ಲಿದೆ. ಅದನ್ನು ನೋಡಿದಾಗಲೆಲ್ಲ ನನ್ನ ಮಂಡಿಚಿಪ್ಪನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಆ ಭಾನುವಾರ ಬುಡೇನಣ್ಣ ಬಂದು ಕಟ್ಟೆಯ ಮೇಲೆ ಕೂತು ತಿಳಿಸಿ ಹೇಳಿದರು. "ನೋಡವ್ವ, ಕುದುರಿಗಿ ಮುಂದ ಕಾಣ್ತೈತಿ, ಬಾಜೂಕ ಕಾಣ್ತೈತಿ. ನಟ್ಟಗ ಬಾಲದ ಹಿಂದ ಮಾತ್ರ ಕಾಣಂಗಿಲ್ಲ. ಕಾಣದ್ದು ಏನಿದ್ರೂ ಅದರ ಲೆಕ್ಕಕ್ಕ ಹುಲೀನ. ನೀ ಹುಲಿ ಹಂಗ ಹೋಗಿದ್ದಿ."

"ನಾನು ಮಡಿಯಿಂದ ಹೋಗಿದ್ದೆ ಬುಡೇನಣ್ಣ."

"ಹುಲೀನೂ ಮಾತಾಡಂಗಿಲ್ಲಲ್ಲವ್ವ."

ಹೋಗುವಾಗ ಮೊದಲು ದನಿ ಮಾಡಬೇಕು. ಭುಜದ ಹತ್ತಿರ ಕೈಯಿಟ್ಟು, ಆ ಕೈಯನ್ನು ತೆಗೆಯದೆ ಬೆನ್ನಿನ ಮೇಲೆ ಸವರುತ್ತ ಸೊಂಟದ ತನಕ ಬರಬೇಕು. ಹಿಂದೆ ನಿಲ್ಲದೆ ಪಕ್ಕಕ್ಕೆ, ಅದರ ಮೈಗೆ ತಾಗಿಕೊಂಡೇ ನಿಂತು, ಬಾಲವನ್ನು ಮೆಲ್ಲಗೆ ನಮ್ಮ ಕಡೆಗೆ ಎಳೆದುಕೊಳ್ಳಬೇಕು. ದೂರ ನಿಂತವರಿಗೇ ಒದೆ ಜೋರಾಗಿ ಬೀಳುವುದಂತೆ. ಬಾಚುವಾಗ ತುದಿಯಿಂದ ಶುರುಮಾಡಿ ಗಂಟು ಬಿಡಿಸುತ್ತ ಮೇಲೆ ಹೋಗಬೇಕು. ಒದ್ದೆ ಇದ್ದಾಗ ಎಳೆಯಬಾರದು, ಕೂದಲು ಹರಿಯುತ್ತದೆ. ಒಂದು ಕೂದಲು ಹರಿದರೆ ಅದು ಮತ್ತೆ ಅಷ್ಟುದ್ದ ಬೆಳೆಯಲು ವರ್ಷಗಳೇ ಬೇಕು. ಸೋಪು ಹಾಕಿ ಸರಿಯಾಗಿ ತೊಳೆಯದೆ ಬಿಟ್ಟರೆ ಕಡಿತ ಬಂದು ಗೋಡೆಗೆ ಉಜ್ಜಿಕೊಳ್ಳುತ್ತದೆ. "ಬಾಲ ಅಂದ್ರ ಕುದುರಿ ನಾಲಿಗಿ ಅಂತ ತಿಳ್ಕೊ" ಎಂದರು. "ಕಾಲಾಗ ಒತ್ತಿ ಹಿಡಿದ್ರ ಅಂಜಿಕಿ ಐತಿ ಅಂತ. ಪಟಪಟ ಬಡದ್ರ ಸಿಟ್ಟು ಬಂದೈತಿ, ದೂರ ಸರಿ ಅಂತ. ಸುಮ್ನ ಆರಾಮ ಬೀಸಿದ್ರ ನೊಣ ಹೊಡಿಯಾಕತ್ತೈತಿ ಅಂತ. ಇನ್ನ ಬಾಲ ಕಟ್ಟೋದು ಅಂದ್ರವ್ವ..." ಎಂದು ಮುಂದಿನದು ಶುರುಮಾಡಿದರು. ಅಷ್ಟರಲ್ಲಿ ಅವರ ಚಹಾಕ್ಕೆಂದೇ ಇಟ್ಟಿದ್ದ ಹಾಲು ಉಕ್ಕಿದ ವಾಸನೆ ಬಂತು. ಒಳಗೆ ಓಡಿದೆ. ಒಲೆ ಒರೆಸಿ, ಚಹಾ ಮಾಡಿ ತರುವಷ್ಟರಲ್ಲಿ ಮಾತು ಕಂಪ್ಲಿಯ ಭತ್ತದ ಮೇಲೆ ಹೋಗಿತ್ತು. ಬಿಟ್ಟುಹೋದ ಮಾತೇನೆಂದು ನಾನು ಕೇಳಲಿಲ್ಲ. ಜಡೆ ಕಟ್ಟುವ ವಿಷಯದಲ್ಲಿ ನನಗೆ ಯಾರು ಏನು ಹೇಳಿಕೊಡುವುದು?

ಅಲ್ಲಿಂದ ಮುಂದೆ ಮಲ್ಲಿಯ ಹತ್ತಿರ ಹೋಗುವಾಗ ಗಟ್ಟಿಯಾಗಿ "ರಾಮ ರಾಮ" ಎನ್ನುತ್ತ ಹೋಗುವುದನ್ನು ರೂಢಿಸಿಕೊಂಡೆ. ಮೌನ ಹೋಯಿತು, ಜಪ ಬಂತು; ದೇವರಿಗೆ ನಷ್ಟವಿಲ್ಲ. ಹದಿನೈದು ದಿನದಲ್ಲಿ ಮಲ್ಲಿ ನನ್ನ ರಾಮನಾಮ ಕೇಳಿದ ಕೂಡಲೇ ತಾನೇ ಸೊಂಟ ಸರಿಸಿ ಪಕ್ಕದಲ್ಲಿ ಜಾಗ ಕೊಡತೊಡಗಿತು. ಎಷ್ಟು ಭಕ್ತಿ ನೋಡಿ ಎಂದು ನಾನು ಹಿಗ್ಗಿದರೆ, ಬುಡೇನಣ್ಣ ನಕ್ಕು, "ನನ್ನ ಹತ್ರ ಇದ್ದಾಗ ಬಿಸ್ಮಿಲ್ಲಾ ಅಂದ್ರೂ ಹಂಗ ಸರೀತಿತ್ತವ್ವ. ಅದಕ ದನಿ ಸಾಕು" ಎಂದರು.

ಬಾಲ ಇದ್ದ ಮನೆಗೆ ಬಾಲದ ಗಿರಾಕಿಗಳೂ ಬರುತ್ತಾರೆ. ಪಕ್ಕದ ಹೋಂಸ್ಟೇಗೆ ಬಂದವರು ಫೋಟೋ ಹಿಡಿಯಲು ಬಂದು ಸರಿಯಾಗಿ ಬಾಲದ ಹಿಂದೆಯೇ ನಿಲ್ಲುತ್ತಾರೆ. "ಡಂಪರಿಗಾದ್ರೂ ರಿವರ್ಸ್ ಹಾರ್ನ್ ಇರ್ತೈತ್ರೀ, ಇದಕಿಲ್ಲ, ಈ ಕಡೆ ಬರ್ರಿ" ಎಂದು ನಮ್ಮವರು ಅವರನ್ನು ಕೈಹಿಡಿದು ಈಚೆ ತರುತ್ತಾರೆ. ಅವರಿಗಿಂತ ಗಟ್ಟಿ ಗಿರಾಕಿಗಳು ನರಹುಲಿಯವರು. ಮೈಮೇಲೆ ನರಹುಲಿ ಎದ್ದರೆ ಅದಕ್ಕೆ ಕುದುರೆಯ ಬಾಲದ ಕೂದಲು ಬಿಗಿದು ಕಟ್ಟಿದರೆ ಒಣಗಿ ಉದುರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮಲ್ಲಿ ಬಂದ ವಾರದಲ್ಲೇ ಎದುರು ಮನೆಯ ಈರಮ್ಮ ಕತ್ತಿನ ನರಹುಲಿ ತೋರಿಸುತ್ತ, ಹೇಳದೆ ಕೇಳದೆ ಕೂದಲು ಕೀಳಲು ಹಿಂದಿನಿಂದ ಹೊರಟಿದ್ದಳು. ನಾನು ಸೆರಗು ಹಿಡಿದೆಳೆದು ನಿಲ್ಲಿಸಿದೆ. ಬಾಚಿದಾಗ ಉದುರುವ ಕೂದಲನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಸುತ್ತಿಡುವುದು ಅಂದಿನಿಂದ ಶುರುವಾಯಿತು.

"ಉದುರಿದ್ದು ನಡಿಯಂಗಿಲ್ಲವ್ವ, ಕಿತ್ತಿದ್ದ ಬೇಕು. ಜೀವ ಇರಬೇಕು ಅದರಾಗ" ಎಂದಳು ಈರಮ್ಮ.

"ಕೀಳಾಕ ಹೋದ್ರ ನಿನ್ನ ಜೀವ ಇರಂಗಿಲ್ಲ. ತಗೊ, ಹನುಮಪ್ಪನ ಕುಂಕುಮ ಹಚ್ಚಿ ಕೊಟ್ಟೀನಿ."

ಅರೆಮನಸ್ಸಿನಿಂದ ತೆಗೆದುಕೊಂಡು ಹೋದಳು.

ಇನ್ನು ನನ್ನ ತಪ್ಪಿನ ಮಾತು. ಅದಕ್ಕೆ ಮೊದಲು ದೋಣಿಮಲೈಯ ಕಾಲದ ಒಂದು ವಿಷಯ ಹೇಳಬೇಕು. ಅಲ್ಲಿ ಗಾಳಿ ಬೀಸಿದರೆ ಕೆಂಪು ಧೂಳು. ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಹುಡುಗಿಯರ ತಲೆಗೆ ಆ ಧೂಳು ಇಳಿಯಬಾರದೆಂದು ನಾನು ಎಣ್ಣೆ ಬಡಿದು, ಒಂದು ಎಳೆಯೂ ಮಿಸುಕಾಡದ ಹಾಗೆ ಎರಡು ಜಡೆ ಬಿಗಿಯುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಬಸ್ಸು ಬರುವುದರೊಳಗೆ ಇಬ್ಬರ ತಲೆ ಮುಗಿಯಬೇಕು. ನಾನು ಹಾಕಿದ ಜಡೆ ಮೂರು ದಿನ ಬಿಚ್ಚದಿದ್ದರೂ ಹಾಗೇ ಇರುತ್ತದೆ ಎಂದು ಕ್ವಾರ್ಟರ್ಸಿನಲ್ಲೆಲ್ಲ ಹೆಸರು. ಯಾರ ಮನೆಯಲ್ಲಿ ಆರತಿ ಇದ್ದರೂ ಮೊಗ್ಗಿನ ಜಡೆಗೆ ನನ್ನನ್ನೇ ಕರೆಯುತ್ತಿದ್ದರು. ಹಿರಿಯವಳು ಸುಮಾ ಈಗ ಸಂಡೂರಿನಲ್ಲಿ ಟೀಚರ್, ಚಿಕ್ಕವಳು ಬಳ್ಳಾರಿಯಲ್ಲಿ ನರ್ಸ್. ಇಬ್ಬರೂ ಕೆಲಸಕ್ಕೆ ಸೇರಿದ ವಾರದಲ್ಲೇ ಭುಜದ ತನಕ ಕೂದಲು ಕತ್ತರಿಸಿಕೊಂಡು ಬಂದರು. ಫ್ಯಾಶನ್ನು ಎಂದುಕೊಂಡು ಎರಡು ದಿನ ಊಟ ಬಿಟ್ಟೆ. ಆಮೇಲೆ ನನ್ನ ಕೈಗೆ ಕೆಲಸವೇ ಇರಲಿಲ್ಲ, ಮಲ್ಲಿ ಬರುವತನಕ.

ಮೆಟ್ರಿಯ ಒಬ್ಬ ರೈತರ ಮಗನ ಮದುವೆ, ಹೊಸಪೇಟೆಯ ಕಲ್ಯಾಣ ಮಂಟಪದಲ್ಲಿ. ಶುಕ್ರವಾರ ಸಂಜೆ ಮೆರವಣಿಗೆಗೆ ಮಲ್ಲಿಯನ್ನು ಕೇಳಿದ್ದರು. ಮದುಮಗನ ತಾಯಿ ಫೋನಿನಲ್ಲಿ, "ಎಲ್ಲಾರ ಕುದುರಿ ಹಂಗ ಬ್ಯಾಡ್ರಿ ಅಕ್ಕಾರ, ಮಂದಿ ನೆನಪಿಡಬೇಕು ನೋಡ್ರಿ" ಎಂದರು. ನನಗೆ ಅಷ್ಟು ಸಾಕಾಯಿತು. ಮಧ್ಯಾಹ್ನವೇ ಹಡಗಲಿ ಮಲ್ಲಿಗೆಯ ಮೊಗ್ಗು ತರಿಸಿದೆ. ಬಾಲವನ್ನು ಒದ್ದೆ ಮಾಡಿ, ನುಣ್ಣಗೆ ಬಾಚಿ, ಬುಡದಿಂದಲೇ ಹಿಡಿದೆ. ಮೇಲೆ ಮೊಳದುದ್ದ ದಪ್ಪನೆಯ ದಿಂಡು ಕೈಗೆ ಸಿಕ್ಕಿತು. ಜಡೆ ನಿಲ್ಲಲು ಒಳ್ಳೆಯ ಆಧಾರವಾಯಿತು ಎಂದುಕೊಂಡೆ. ವಾದ್ಯಕ್ಕೆ ಮಲ್ಲಿ ಕುಣಿಯುವಾಗ ಜಾರಬಾರದೆಂದು ಆ ದಿಂಡಿಗೆ ರಬ್ಬರ್ ಬ್ಯಾಂಡನ್ನು ನಾಲ್ಕು ಸುತ್ತು ಬಿಗಿದು, ಮೇಲೆ ಕಪ್ಪು ದಾರ ಸುತ್ತಿದೆ. ಅದರ ಮೇಲೆ ಮೊಗ್ಗಿನ ಸಾಲು, ನಡುನಡುವೆ ಕನಕಾಂಬರ, ತುದಿಗೆ ಸುಮಾಳ ಮದುವೆಯಲ್ಲಿ ಅವಳು ಹಾಕಿಕೊಳ್ಳಲು ಒಪ್ಪದ ಜರಿಯ ಗೊಂಡೆ. ಮುಗಿದ ಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದೆ. ಹೆಮ್ಮೆ ಪಟ್ಟದ್ದನ್ನು ಮುಚ್ಚಿಡುವುದಿಲ್ಲ. ಅಷ್ಟು ಚೆಂದದ ಜಡೆಯನ್ನು ನಾನು ಮನುಷ್ಯರಿಗೂ ಹಾಕಿರಲಿಲ್ಲ.

ಮೆರವಣಿಗೆಯಲ್ಲಿ ಮದುಮಗನನ್ನು ನೋಡಿದವರು ಕಡಿಮೆ. ಹೆಂಗಸರೆಲ್ಲ ಕುದುರೆಯ ಹಿಂದೆ ಮೊಬೈಲು ಹಿಡಿದುಕೊಂಡೇ ನಡೆದರು. ಅವರನ್ನು ಎರಡು ಮಾರು ದೂರ ಇಡುವುದರಲ್ಲಿ ನಮ್ಮವರ ದನಿ ಬಿದ್ದುಹೋಯಿತು. ಯಾರೋ ಒಬ್ಬ ಹಿರಿಯರು, "ಎಷ್ಟು ಶಾಂತ ಕುದುರಿ, ಇಷ್ಟು ಗದ್ದಲದಾಗೂ ಬಾಲ ಸೈತ ಅಲ್ಲಾಡಿಸವಲ್ದು" ಎಂದರು. ನಾನು ನಕ್ಕು ತಲೆಯಾಡಿಸಿದೆ. ಬಾಲವೆಂದರೆ ನಾಲಿಗೆ ಎಂದು ಹೇಳಿಸಿಕೊಂಡವಳು ನಾನು. ಅದು ಶಾಂತವಾಗಿರಲಿಲ್ಲ, ನಾನು ಅದರ ಬಾಯಿ ಕಟ್ಟಿದ್ದೆ. ಆಗ ಹೊಳೆಯಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ನಮ್ಮವರು, "ಬಾಲ ಬಿಚ್ಚಿ ಬಿಡ್ತಿಯೇನು?" ಎಂದು ಕೇಳಿದರು ಕೂಡ. "ದೀಪ ಹಚ್ಚಿದ ಮ್ಯಾಲ ಜಡಿ ಬಿಚ್ಚತಾರೇನ್ರೀ? ಅದೂ ಶುಕ್ರವಾರ, ಲಕ್ಷ್ಮಿ ಬರೋ ಹೊತ್ತು" ಎಂದೆ. ನಮ್ಮ ಮನೆಯಲ್ಲಿ ದೀಪವಿಟ್ಟ ಮೇಲೆ ಹೆಣ್ಣುಮಕ್ಕಳು ತಲೆ ಬಿಚ್ಚಿದ್ದಿಲ್ಲ, ಬಾಚಿದ್ದಿಲ್ಲ. ಆ ನಿಯಮ ಎರಡು ಕಾಲಿನವರಿಗೆ ಮಾತ್ರವೋ ನಾಲ್ಕು ಕಾಲಿನವರಿಗೂ ಸಲ್ಲುತ್ತದೋ ಎಂದು ನಾನು ಯೋಚಿಸಲಿಲ್ಲ. ಮಲ್ಲಿಯೂ ಹೆಣ್ಣೇ ತಾನೆ. ಮರುದಿನ ಶನಿವಾರ, ಹನುಮಪ್ಪನ ವಾರ. ಶೃಂಗಾರವಾದ ಮಲ್ಲಿಯನ್ನು ಊರಿನ ಗುಡಿಯ ಮುಂದೆ ಒಂದು ಸುತ್ತು ಕರೆದುಕೊಂಡು ಹೋದೆವು. ಈರಮ್ಮನ ಸೊಸೆ ತವರಿನಿಂದ ಸಂಜೆ ಬರುವವಳಿದ್ದಳು, ಅವಳೂ ನೋಡಲಿ ಎಂದು ಕಾಯ್ದೆವು. ಅವಳು ಬಂದು ನೋಡಿ ಹೋಗುವಷ್ಟರಲ್ಲಿ ಮತ್ತೆ ದೀಪ ಹಚ್ಚುವ ಹೊತ್ತು. ಮೊಗ್ಗೆಲ್ಲ ಅರಳಿ ಕಂದಿತ್ತು, ಜಡೆ ಮಾತ್ರ ನನ್ನ ಹೆಸರಿಗೆ ತಕ್ಕಂತೆ ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಬುಡೇನಣ್ಣ ಬಂದರು. ಜಡೆ ನೋಡಿ ಹೊಗಳುತ್ತಾರೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಮಲ್ಲಿಯ ಬೆನ್ನ ಮೇಲೆ ಕೈ ಸವರುತ್ತ ಬಂದವರು ಬಾಲ ಮುಟ್ಟಿ ನಿಂತುಬಿಟ್ಟರು. ದಾರದ ಮೇಲೊಮ್ಮೆ, ಕೆಳಗೊಮ್ಮೆ ಮುಟ್ಟಿದರು. ಮತ್ತೆ ಕೆಳಗೆ ಮುಟ್ಟಿದರು.

"ಯಾವಾಗ ಕಟ್ಟಿದ್ದವ್ವ ಇದು?"

"ಶುಕ್ರವಾರ ಮಧ್ಯಾಹ್ನ."

"ತಣ್ಣಗೈತಲ್ಲ" ಎಂದರು. ದನಿ ಏರಿಸಲಿಲ್ಲ. "ಕತ್ತರಿ ತಾ. ಜಲ್ದಿ ತಾ."

ಕಟ್ಟಿದ ಜಾಗದಲ್ಲಿ ರಬ್ಬರು ಊದಿದ ಚರ್ಮದ ಒಳಗೆ ಹೂತುಹೋಗಿತ್ತು. ಕತ್ತರಿಯ ತುದಿ ತೂರಿಸಲು ಜಾಗವಿರಲಿಲ್ಲ. ಬುಡೇನಣ್ಣ ಒಂದೊಂದೇ ಸುತ್ತು ಎತ್ತಿ ಕತ್ತರಿಸುವಾಗ ಮಲ್ಲಿ ನಡುಗುತ್ತ ನಿಂತಿತ್ತು, ಕಾಲೆತ್ತಲಿಲ್ಲ. ಬಕೆಟ್ಟಿಗೆ ಒದ್ದ ಕುದುರೆ, ಒದೆಯಲೇಬೇಕಾದ ಹೊತ್ತಿನಲ್ಲಿ ಸುಮ್ಮನೆ ನಿಂತಿತು. ಅವತ್ತು ಹಾಲು ಉಕ್ಕಿದಾಗ ಅವರು ಹೇಳಲು ಹೊರಟಿದ್ದ ಮಾತನ್ನು ಈಗ ಹೇಳಿದರು: "ದಿಂಡಿನೊಳಗ ಎಲುಬೈತವ್ವ, ರಗತ ಓಡ್ತೈತಿ. ಕಟ್ಟೋದಿದ್ರ ದಿಂಡು ಮುಗದ ಮ್ಯಾಲ, ಬರೇ ಕೂದ್ಲಕ್ಕ. ಕಟ್ಟಿದ್ರ ಎರಡು ಬೆರಳು ಒಳಗ ಹೋಗಬೇಕು. ಕೆಲಸ ಮುಗದ ತಕ್ಷಣ ಬಿಚ್ಚಬೇಕು. ಅಷ್ಟ." ನಮ್ಮವರು ಗೋಡೆಗೆ ಒರಗಿ ನಿಂತು, "ಆಯಿಲ್ ಪೈಪಿಗೆ ಕ್ಲ್ಯಾಂಪ್ ಹಾಕಿಬಿಟ್ಟಿ" ಎಂದಷ್ಟೇ ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಮುಲಾಮು ಹಚ್ಚಿದರು. ಕಟ್ಟಿದ್ದ ಜಾಗದ ಕೆಳಗಿನ ಭಾಗಕ್ಕೆ ಮತ್ತೆ ರಕ್ತ ಓಡಿದರೆ ಬಾಲ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಕತ್ತರಿಸಬೇಕಾಗುತ್ತದೆ, ಎಂಟು ಹತ್ತು ದಿನ ನೋಡೋಣ ಎಂದರು. "ದಿನಾ ಮುಟ್ಟಿ ನೋಡ್ರಿ, ಬಿಸಿ ಬರ್ತೈತೇನಂತ. ಮತ್ತ ಗಾಯಕ್ಕ ನೊಣ ಮಾತ್ರ ಕೂಡಬಾರ್ದು ನೋಡ್ರಿ, ಹುಳ ಬಿದ್ದಾವು." ಬಾಲವಿಲ್ಲದ ಕುದುರೆಯನ್ನು ಮೆರವಣಿಗೆಗೆ ಯಾರೂ ಕರೆಯುವುದಿಲ್ಲ, ಅದು ಹೋಗಲಿ. ಜನ್ಮವಿಡೀ ಬೆನ್ನ ಮೇಲೆ ಕೂತ ನೊಣವನ್ನು ಹೊಡೆಯಲಾಗದೆ ನಿಲ್ಲಬೇಕಲ್ಲ ಎಂಬುದು ನನ್ನ ಎದೆಯಲ್ಲಿ ಕೂತಿತು.

ನೊಣ ಹೊಡೆಯುವುದು ಬಾಲದ ಕೆಲಸ. ಬಾಲ ಏಳುವಂತಿಲ್ಲ. ಹಾಗಾದರೆ ಬಾಲದ ಕೆಲಸ ಯಾರು ಮಾಡಬೇಕು? ಯಾರು ಕಟ್ಟಿದರೋ ಅವರು. ಮೊದಲು ಬೀಸಣಿಗೆ ಹಿಡಿದೆ, ಅದರ ಗಾಳಿಗೆ ನೊಣ ಹೆದರಲಿಲ್ಲ. ಟವೆಲ್ ಬೀಸಿದೆ, ಮಲ್ಲಿ ಹೆದರಿತು. ಕಡೆಗೆ ದೇವರ ಕೋಣೆಗೆ ಹೋಗಿ ಹನುಮಪ್ಪನಿಗೆ ಬೀಸುವ ಚಾಮರವನ್ನು ತೆಗೆದುಕೊಂಡೆ. ಮಂಗಳಾರತಿಯಲ್ಲಿ ಎರಡು ನಿಮಿಷ ಮಾತ್ರ ಬೀಸುವ ಬಿಳಿ ಚಾಮರ. ಅದನ್ನು ಕುದುರೆಯ ಹಿಂಭಾಗಕ್ಕೆ ಬೀಸಬೇಕು. "ಅಪ್ಪಾ, ಬಾಲ ಅಂದ್ರ ಏನು ಅಂತ ದೇವರೊಳಗ ಗೊತ್ತಿರೋದು ನಿನಗೊಬ್ಬನಿಗೇ. ಸಿಟ್ಟು ಮಾಡಬ್ಯಾಡ" ಎಂದು ಕೇಳಿಕೊಂಡು ಹೊರಗೆ ತಂದೆ.

ಅದರ ಜೊತೆಗೆ ಹರಕೆಯನ್ನೂ ಹಿಡಿದೆ. ಗೋಡೆಯ ಮೇಲಿನ ಹನುಮಪ್ಪನ ಪಟದಲ್ಲಿ ಬಾಲದ ಬುಡದಿಂದ ಶುರುಮಾಡಿ ದಿನಕ್ಕೊಂದು ಕುಂಕುಮದ ಬೊಟ್ಟು ಇಡುತ್ತ ಹೋಗುವುದು. ಬೊಟ್ಟು ಬಾಲದ ತುದಿ ಮುಟ್ಟುವಷ್ಟರಲ್ಲಿ ಕೆಲಸ ಕೈಗೂಡುತ್ತದೆ. ನಮ್ಮ ಪಟದಲ್ಲಿ ಹನುಮಪ್ಪನ ಬಾಲ ತಲೆಯ ಮೇಲೆ ಸುತ್ತು ಹಾಕಿ ಮತ್ತೆ ಪಾದದ ತನಕ ಬಂದಿದೆ. ಮೊದಲ ಎರಡು ದಿನ ಒತ್ತೊತ್ತಾಗಿ ಇಟ್ಟೆ. ಈ ಲೆಕ್ಕದಲ್ಲಿ ತುದಿ ಮುಟ್ಟುವಷ್ಟರಲ್ಲಿ ಯುಗಾದಿ ಬರುತ್ತದೆ, ಡಾಕ್ಟರಮ್ಮ ಕೊಟ್ಟಿರುವುದು ಎಂಟು ಹತ್ತು ದಿನ ಎಂದು ಹೊಳೆದು, ಮೂರನೆಯ ದಿನದಿಂದ ಬೊಟ್ಟುಗಳನ್ನು ಸ್ವಲ್ಪ ದೂರ ದೂರ ಇಡತೊಡಗಿದೆ. ದೇವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಿದ್ದೂ ಸುಮ್ಮನಿದ್ದ. ಅದನ್ನೂ ಉಪಕಾರಗಳಲ್ಲಿ ಎಣಿಸಿದ್ದೇನೆ.

ಹೀಗೆ ಬೆಳಿಗ್ಗೆಯಿಂದ ಬಿಸಿಲು ಇಳಿಯುವತನಕ ಮಲ್ಲಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಚಾಮರ ಬೀಸಿದೆ. ಅಡುಗೆ ನಮ್ಮವರು ಮಾಡಿದರು. ಸಾರಿಗೆ ಉಪ್ಪು ಹಾಕುವುದನ್ನು ಮೂರು ದಿನ ಮರೆತರು, ನಾನು ಮೂರು ದಿನವೂ ಚೆನ್ನಾಗಿದೆ ಎಂದೆ. ಹೋಂಸ್ಟೇಯವರು ಇದು ಇಲ್ಲಿಯ ಏನೋ ಪದ್ಧತಿ ಎಂದು ತಿಳಿದು, ಕುದುರೆಗೆ ಚಾಮರ ಬೀಸುವ ಹೆಂಗಸಿನ ಫೋಟೋ ಹಿಡಿದುಕೊಂಡು ಹೋದರು. ನಾಲ್ಕನೆಯ ದಿನ ಈರಮ್ಮ ಬಂದು, "ಸರಿ ಏಳು, ಒಂದೀಟು ಊಟ ಮಾಡಿ ಬಾ, ನಾ ಬೀಸ್ತೀನಿ" ಎಂದಳು. ಪಕ್ಕದಿಂದಲೇ ಬಂದಳು, "ರಾಮ ರಾಮ" ಎಂದೇ ಬಂದಳು. ಕತ್ತು ನೋಡಿದೆ, ನರಹುಲಿ ಇರಲಿಲ್ಲ. "ಉದುರಿದ ಕೂದ್ಲಕ್ಕ ಬಿತ್ತೇನು?" ಎಂದೆ. "ಬೀಳಾಕ ಬಂದಿತ್ತೇಳು ಅದು" ಎಂದಳು, ಒಪ್ಪಿಕೊಳ್ಳದೆ.

ಐದನೆಯ ದಿನ ಮುಟ್ಟಿದಾಗ ಬಾಲ ಬೆಚ್ಚಗಿದ್ದಂತೆ ಅನಿಸಿತು. ಬಿಸಿಲಿಗಿರಬೇಕೆಂದು ಮಲ್ಲಿಯನ್ನು ನೆರಳಿಗೆ ಸರಿಸಿ ಮತ್ತೆ ಮುಟ್ಟಿದೆ. ಬೆಚ್ಚಗೇ ಇತ್ತು. ನಮ್ಮವರನ್ನು ಕರೆದು ಮುಟ್ಟಿಸಿದೆ. ಅವರು ಇಂಜಿನ್ ಮುಟ್ಟಿ ನೋಡುವ ಹಾಗೆ ಅಂಗೈ ತಿರುವಿ ಹಿಂಬದಿಯಿಂದ ಮುಟ್ಟಿ, "ಓಡಾಕತ್ತೈತಿ" ಎಂದರು. ಒಂಬತ್ತನೆಯ ದಿನ ಊಟದ ಹೊತ್ತು. ಕೈ ಸೋತು ಚಾಮರವನ್ನು ತೊಡೆಯ ಮೇಲಿಟ್ಟು, ಮಲ್ಲಿಯ ಮೈಗೆ ಒರಗಿ ಕಣ್ಣು ಮುಚ್ಚಿದ್ದೆ. ಮುಖಕ್ಕೆ ಫಟೀರೆಂದು ಏನೋ ಬಡಿಯಿತು. ಕನ್ನಡಕ ಹಾರಿ ಹುಲ್ಲಿನಲ್ಲಿ ಬಿತ್ತು. ಕಣ್ಣಲ್ಲಿ ನೀರು. ಬಾಲ ಇನ್ನೊಮ್ಮೆ ಎದ್ದು, ನನ್ನ ಕಿವಿ ಸವರಿಕೊಂಡು ಹೋಗಿ, ತನ್ನ ಸೊಂಟದ ಮೇಲಿದ್ದ ನೊಣವನ್ನು ತಾನೇ ಹೊಡೆಯಿತು. ನಾನು ಕನ್ನಡಕ ಹುಡುಕಲಿಲ್ಲ. ಇನ್ನೊಂದು ಏಟು ಬೀಳಲಿ ಎಂದು ಹಾಗೇ ಕೂತಿದ್ದೆ. ಪಟದಲ್ಲಿ ಇನ್ನೂ ನಾಲ್ಕು ಬೆರಳಿನಷ್ಟು ಬಾಲ ಬಾಕಿ ಇತ್ತು. ಅಲ್ಲಿ ಬೊಟ್ಟುಗಳನ್ನು ಒತ್ತೊತ್ತಾಗಿಯೇ ಇಟ್ಟು ಮುಗಿಸಿದೆ.

ಈಗ ಮಲ್ಲಿ ಮತ್ತೆ ಮೆರವಣಿಗೆಗೆ ಹೋಗುತ್ತದೆ. ಬಾಲ ಬಿಟ್ಟುಕೊಂಡೇ ಹೋಗುತ್ತದೆ. ಬಹಳ ಕೇಳಿದರೆ ದಿಂಡಿನ ಕೆಳಗೆ ಬರಿಯ ಕೂದಲಿಗೆ ಸಡಿಲವಾಗಿ ಮೂರೆಳೆ ಹಾಕಿ ಒಂದು ಗೊಂಡೆ. ಬಂದ ಕೂಡಲೇ, ದೀಪ ಹಚ್ಚಿದ್ದರೂ ಸರಿ, ಬಿಚ್ಚಿಬಿಡುತ್ತೇನೆ. ಲಕ್ಷ್ಮಿ ಕುದುರೆಯ ಬಾಲ ನೋಡಿ ತಿರುಗಿ ಹೋಗುವಷ್ಟು ಸಣ್ಣ ಮನಸ್ಸಿನವಳಲ್ಲ. ಕಟ್ಟಿದ್ದ ಜಾಗದಲ್ಲಿ ಮಾತ್ರ ಬಳೆಯ ಹಾಗೆ ಒಂದು ಸುತ್ತು ಕೂದಲು ಬಂದಿಲ್ಲ.

ಮೊನ್ನೆ ಸುಮಾ ಸಂಡೂರಿನಿಂದ ಬಂದಿದ್ದಳು. ಆ ಬೋಳು ಸುತ್ತನ್ನು ಬೆರಳಿನಿಂದ ಸವರುತ್ತ, "ಇಂಥಾದ್ದು ನನಗೂ ಐತಿ ನೋಡಮ್ಮ" ಎಂದಳು. ಹಣೆಯ ಎರಡೂ ಬದಿಯ ಕೂದಲು ಸರಿಸಿ ತೋರಿಸಿದಳು. ಅಲ್ಲಿ ಕೂದಲು ತೆಳ್ಳಗಾಗಿ ನೆತ್ತಿಯ ಕಡೆ ಹಿಂದೆ ಸರಿದಿತ್ತು. "ಇಬ್ರಿಗೂ ಐತಿ. ನಾವು ಕೂದ್ಲ ಯಾಕ ಕತ್ತರಿಸಿದ್ವಿ ಅಂತ ತಿಳ್ಕೊಂಡಿದ್ದಿ?"

"ಫ್ಯಾಶನ್ನು ಅಂತ."

"ತಲಿನೋವಮ್ಮ. ನೀ ಹೆಳಲು ಹಾಕಿದ್ರ ಮೂರನೇ ಪಿರಿಯಡ್ ತನಕ ಕಣ್ಣು ಮುಚ್ಚಾಕ ಬರ್ತಿರಲಿಲ್ಲ. ಹುಬ್ಬು ಮ್ಯಾಲೇ ಇರ್ತಿದ್ವು."

"ಒಂದಿನಾನಾದ್ರೂ ಹೇಳಬಾರದಿತ್ತೇನ?"

"ಯಾವಾಗ ಹೇಳೋದು? ಏಳಕ್ಕ ಬಸ್ಸು. ನೀ ರಬ್ಬರ್ ಬ್ಯಾಂಡ್ ಬಾಯಾಗ ಕಚ್ಕೊಂಡು, ಅಲುಗ್ಯಾಡಬ್ಯಾಡ ಅಂತಿದ್ದಿ. ಬೀಸಾಕ ಬಾಲ ಇರಲಿಲ್ಲ, ಒದಿಯಾಕ ಧೈರ್ಯ ಇರಲಿಲ್ಲ" ಎಂದು ನಕ್ಕಳು. ನನಗೆ ಅಷ್ಟು ಬೇಗ ನಗು ಬರಲಿಲ್ಲ. ನಾನು ಜಡೆ ಹಾಕಿದ ಕ್ವಾರ್ಟರ್ಸಿನ ಅಷ್ಟೂ ಹುಡುಗಿಯರು ಎತ್ತಿದ ಹುಬ್ಬಿನಲ್ಲೇ ಬಸ್ಸು ಹತ್ತುತ್ತಿದ್ದದ್ದು ಕಣ್ಣ ಮುಂದೆ ಬಂತು. ಅದನ್ನು ನಾನು ಓದಿನ ಮೇಲಿನ ಆಸಕ್ತಿ ಎಂದುಕೊಂಡಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕಟ್ಟೆಯ ಮೇಲೆ ಕೂತು, "ಬಾ, ಎಣ್ಣಿ ಹಚ್ಚಿ ಬಾಚು. ಎಷ್ಟು ವರ್ಷ ಆತು" ಎಂದಳು. ನಾನು ಎಣ್ಣೆಯ ಬಟ್ಟಲು ಹಿಡಿದು, "ರಾಮ ರಾಮ" ಎನ್ನುತ್ತ ಬಂದು, ಮೊದಲು ಅವಳ ಭುಜದ ಮೇಲೆ ಕೈಯಿಟ್ಟು, ಪಕ್ಕಕ್ಕೆ ನಿಂತೆ.

"ಅಮ್ಮಾ, ಹಿಂದ ಬಂದು ನಿಂದ್ರು. ನಾ ಒದಿಯಂಗಿಲ್ಲ."

ನಾನು ಪಕ್ಕದಲ್ಲೇ ನಿಂತೆ. ತುದಿಯಿಂದ ಶುರುಮಾಡಿ ಗಂಟು ಬಿಡಿಸುತ್ತ ಮೇಲೆ ಹೋದೆ. ಸಣ್ಣದೊಂದು ರಬ್ಬರ್ ಬ್ಯಾಂಡ್ ಹಾಕಿ, ಎರಡು ಬೆರಳು ಒಳಗೆ ಹೋಗುತ್ತದೆಯೇ ಎಂದು ನೋಡಿದೆ. ಹೋಯಿತು. ಅಷ್ಟು ಸಡಿಲ ಜಡೆಯನ್ನು ನಾನು ಜನ್ಮದಲ್ಲಿ ಹಾಕಿರಲಿಲ್ಲ. ಅವಳು ಗೇಟು ದಾಟುವಷ್ಟರಲ್ಲಿ ಬಿಚ್ಚಿಹೋಯಿತು.

ಆ ಸಂಜೆ ದೀಪ ಹಚ್ಚಿ ಎಣಿಸಲು ಕೂತೆ. ಕತ್ತರಿ ಹಾಕಿದ ದಿನ ಮಲ್ಲಿ ಒದೆಯಲಿಲ್ಲ, ಒಂದು. ಸುಮಾ ಒದೆಯಲಿಲ್ಲ, ಎರಡು. ಚಿಕ್ಕವಳು ಮುಂದಿನ ಅಮಾವಾಸ್ಯೆಗೆ ಬರುತ್ತಾಳೆ. ಮೂರನೆಯದನ್ನು ಇನ್ನೂ ಎಣಿಸಿಲ್ಲ.